ಮಾತು ಮತ್ತು ಮಟ್ಟು

ಆಲೂರಿನಿಂದ ಪಡುವಲಾಗಿ ಸಕಲೇಶಪುರದತ್ತ ಹೊರಟವರಿಗೆ ಬಯಲುಸೀಮೆ ಎಲ್ಲಿ ಮುಗಿಯಿತು, ಮಲೆನಾಡು ಎಲ್ಲಿ ಮೊದಲಾಯಿತು ಎಂಬುದನ್ನು ಇದೇ ಗೆರೆಯೆಂದು ತೋರಿಸುವುದು ಕಷ್ಟ. ರಾಗಿಯ ಹೊಲಗಳು ಒಂದೊಂದಾಗಿ ಹಿಂದುಳಿಯುತ್ತವೆ; ತಗ್ಗುಗಳಲ್ಲಿ ಗದ್ದೆಯ ಹಸುರು ಇಣುಕುತ್ತದೆ; ಮರಗಳ ನೆರಳು ದಟ್ಟವಾಗುತ್ತದೆ; ಆ ನೆರಳಿನಡಿಯಲ್ಲಿ ಕಾಫಿಯ ಗಿಡ ಕಾಣುವ ಹೊತ್ತಿಗೆ ಮಳೆಯೂ ಬಂದು ಜೊತೆಗೂಡಿರುತ್ತದೆ. ಹಾಡಿನ ಗಡಿಯೂ ಅಂಥದೇ ಆಗಿತ್ತು. ಈಚೆಯ ಹಳ್ಳಿಯಲ್ಲಿ ಬೀಸುವ ಕಲ್ಲಿನ ಪದ, ಆಚೆಯ ಹಳ್ಳಿಯಲ್ಲಿ ನಾಟಿಯ ಪದ, ಎರಡೂ ಕಡೆಗೆ ಸಲ್ಲುವುದು ಸೋಬಾನೆ. ಸುಗ್ಗಿ ಬಂತೆಂದರೆ ಕೋಲಿನ ಪೆಟ್ಟು. ಈ ನಡುವಣ ನಾಡಿನಲ್ಲಿ, ಹೇಮಾವತಿಯ ಹಿನ್ನೀರು ಕಣ್ಣಿಗೆ ಬೀಳುವಷ್ಟು ಸಮೀಪದಲ್ಲಿ, ಒಂದು ಹಳೆಯ ಹೆಂಚಿನ ಮನೆ ಉಂಟು.

ಆ ಮನೆಯ ಹಿರಿಯರನ್ನು ಸುತ್ತಿನವರು ಇಂದಿಗೂ ಇಂಗ್ಲಿಷ್ ಮೇಷ್ಟರೆಂದೇ ಕರೆಯುತ್ತಾರೆ. ೧೯೫೮ರಲ್ಲಿ ಹೈಸ್ಕೂಲಿನ ಉಪಾಧ್ಯಾಯರಾಗಿ ಸೇರಿ ೧೯೯೪ರಲ್ಲಿ ಕೆಲಸದಿಂದ ಬಿಡುಗಡೆ ಹೊಂದಿದ ಅವರಿಗೆ ಈಗ ಎಂಬತ್ತೆಂಟು ದಾಟಿದೆ. ಕಿವಿ ಚುರುಕಾಗಿದೆ, ಕಣ್ಣು ಮಾತ್ರ ದಣಿದಿದೆ. ಅವರ ಕಪಾಟಿನಲ್ಲಿ ಎರಡು ಪುಸ್ತಕಗಳು ಒಂದಕ್ಕೊಂದು ಒರಗಿ ನಿಂತಿವೆ. ಒಂದು, ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’. ಇದರ ರಟ್ಟು ಮೂರು ಸಲ ಬದಲಾಗಿದೆ. ಮತ್ತೊಂದು ಅಚ್ಚಾದ ಪುಸ್ತಕವಲ್ಲ. ಗೆರೆ ಹಾಕಿದ ಉದ್ದನೆಯ ನೋಟುಬುಕ್ಕು. ತಮ್ಮ ತಾಯಿ ಹಾಡುತ್ತಿದ್ದ ಪದಗಳನ್ನು ಮೇಷ್ಟರು ಬೇಸಗೆಯ ರಜೆಗಳಲ್ಲಿ ಅದರೊಳಗೆ ಬರೆದಿಟ್ಟರು. ತೊಂಬತ್ತಕ್ಕೆ ಮೇಲ್ಪಟ್ಟು ಪದಗಳಿವೆ. ತಾಯಿ ೧೯೭೪ರಲ್ಲಿ ತೀರಿಕೊಂಡರು. ಗೊರೂರಿನ ಅಣೆಕಟ್ಟು ೧೯೭೯ರಲ್ಲಿ ಮುಗಿದಾಗ ಆಕೆಯ ತವರೂರೂ ನೀರಿನ ಕೆಳಗಾಯಿತು. ನೋಟುಬುಕ್ಕಿರುವುದರಿಂದ ಪದಗಳಾದರೂ ಉಳಿದುವೆಂಬ ನೆಮ್ಮದಿ ಮೇಷ್ಟರಿಗೆ ಬಹುಕಾಲ ಇತ್ತು. ಆ ನೆಮ್ಮದಿ ಈಚಿನ ಒಂದು ಶ್ರಾವಣದಲ್ಲಿ ಕದಲಿತು.

ಕದಲಿಸಿದವಳು ಮೊಮ್ಮಗಳು. ಬೆಂಗಳೂರಿನಲ್ಲಿ ಓದುತ್ತ, ಅದರೊಡನೆ ಪಾಶ್ಚಾತ್ಯ ಗಾಯನವನ್ನೂ ಕಲಿಯುತ್ತಿರುವ ಹುಡುಗಿ. ರಜೆಯಲ್ಲಿ ಬಂದವಳು ಪರೀಕ್ಷೆಗೆಂದು ಸಿದ್ಧಪಡಿಸುತ್ತಿದ್ದ ಒಂದು ಹಾಡನ್ನು ಜಗಲಿಯಲ್ಲಿ ಕುಳಿತು ಹಾಡಿಕೊಳ್ಳುತ್ತಿದ್ದಳು. ಪಿಯಾನೋ ಇಲ್ಲ, ಶ್ರುತಿಪೆಟ್ಟಿಗೆಯೂ ಇಲ್ಲ. ಹಂಚಿನ ಮೇಲೆ ಮಳೆ. ಮೇಷ್ಟರು ಒಳಗಿನಿಂದ ಕೇಳಿ, “ಇದು ಆ ಕಡೆಯ ಹಳ್ಳಿಯ ಹಾಡೇನಮ್ಮ?” ಎಂದರು. ಅವಳು ನಕ್ಕಳು. ಅದು ಹಳ್ಳಿಯ ಹಾಡಲ್ಲ. ಆದರೆ ಹಾಗೆಂದು ತಿಳಿಯುವವರು ಇಂಗ್ಲೆಂಡಿನಲ್ಲಿಯೂ ಬಹಳ ಮಂದಿ.

ಅದರ ಹೆಸರು ‘ಲಿಂಡನ್ ಲೀ’. ಮಾತು ವಿಲಿಯಂ ಬಾರ್ನ್ಸ್ ಎಂಬಾತನದು. ೧೮೦೧ರಲ್ಲಿ ಹುಟ್ಟಿ ೧೮೮೬ರಲ್ಲಿ ತೀರಿಕೊಂಡ ಈತ ಡಾರ್ಸೆಟ್ ಸೀಮೆಯ ಶಾಲಾ ಉಪಾಧ್ಯಾಯ, ಮುಂದೆ ಪಾದ್ರಿ. ಪಂಡಿತನಾಗಿದ್ದೂ ತನ್ನ ಸೀಮೆಯ ಒಕ್ಕಲುಮಕ್ಕಳ ಆಡುಮಾತಿನಲ್ಲಿ ಪದ್ಯ ಕಟ್ಟಿದವನು. ಮಟ್ಟು ರೇಫ್ ವಾನ್ ವಿಲಿಯಮ್ಸ್ ಎಂಬ ಸಂಗೀತ ರಚನಕಾರನದು. ೧೯೦೧ರಲ್ಲಿ ಅವನು ಇದಕ್ಕೆ ಸ್ವರ ಕೂಡಿಸಿದನು; ಮರುವರ್ಷ ಅಚ್ಚಾಯಿತು; ಅವನ ರಚನೆಗಳಲ್ಲಿ ಮೊದಲು ಅಚ್ಚಿನ ಮುಖ ಕಂಡದ್ದು ಇದೇ. ಆಗಿನ್ನೂ ಅವನು ಹಳ್ಳಿಗಳಿಗೆ ಹೋಗಿ ಹಾಡು ಸಂಗ್ರಹಿಸುವುದಕ್ಕೆ ತೊಡಗಿರಲಿಲ್ಲ. ಎಂದರೆ, ಜನಪದ ಗೀತವನ್ನು ಕೇಳಿ ಕಲಿಯುವುದಕ್ಕೆ ಮುಂಚೆಯೇ ಜನಪದ ಗೀತದಂತಹ ಮಟ್ಟು ಅವನ ಕೈಯಿಂದ ಬಂದಿತು. ಇದನ್ನು ಕೇಳಿದ ಮೇಷ್ಟರಿಗೆ ರಾಜರತ್ನಂ ಅವರ ನೆನಪಾಯಿತು. ‘ರತ್ನನ ಪದಗಳ’ ಕುಡುಕನ ಮಾತೂ ಹಾಗೆಯೇ ಅಲ್ಲವೆ? ಬರೆದವರು ಹಳಗನ್ನಡವನ್ನೂ ಪಾಲಿಯನ್ನೂ ಅರೆದು ಕುಡಿದ ವಿದ್ವಾಂಸರು. ಹಾಡಿಕೊಂಡವರು ಅದನ್ನು ಬೀದಿಯಲ್ಲಿ ಹುಟ್ಟಿದ ಪದವೆಂದೇ ತಿಳಿದರು. ಅಂಥ ತಪ್ಪು ತಿಳಿವಳಿಕೆಗಿಂತ ದೊಡ್ಡ ಸನ್ಮಾನ ಕವಿಗೆ ಬೇರೆ ಬೇಕಿಲ್ಲ.

ಮೊಮ್ಮಗಳು ಹಾಡಿದ ಮೇಲೆ ತಾತನ ಸರದಿ. ಮೇಷ್ಟರು ಮೂವತ್ತಾರು ವರ್ಷ ಮಕ್ಕಳಿಗೆ ಕಲಿಸಿದ ‘ಕಾರಿಹೆಗ್ಗಡೆಯ ಮಗಳು’ ಪದ್ಯವನ್ನು ತೊಡೆಯ ಮೇಲೆ ತಾಳ ಹಾಕುತ್ತ ಹೇಳಿದರು. ಮೂಲ ಸ್ಕಾಟ್ಲೆಂಡಿನ ತಾಮಸ್ ಕ್ಯಾಂಬೆಲ್ ಕವಿಯ ‘ಲಾರ್ಡ್ ಅಲಿನ್ನನ ಮಗಳು’, ೧೮೦೯ರಲ್ಲಿ ಪ್ರಕಟವಾದದ್ದು: ಓಡಿಬಂದ ಪ್ರೇಮಿಗಳು, ಬಿರುಗಾಳಿ, ದೋಣಿ, ಬೆನ್ನಟ್ಟಿ ಬಂದ ತಂದೆ, ದಡದ ಮೇಲಿನ ಗೋಳು. ಶ್ರೀಕಂಠಯ್ಯನವರು ಸ್ಕಾಟ್ಲೆಂಡಿನ ದ್ವೀಪವನ್ನು ಬಿಟ್ಟು ಕಥೆಯನ್ನು ಕನ್ನಡದ ಪಡುವಣ ಸೀಮೆಗೆ ತಂದರು, ಲಾರ್ಡನನ್ನು ಹೆಗ್ಗಡೆಯಾಗಿಸಿದರು. ಇದನ್ನು ಎಲ್ಲರೂ ಬಲ್ಲರು. ಆದರೆ ಮೇಷ್ಟರು ತೊಡೆಯ ಮೇಲೆ ಹಾಕುತ್ತಿದ್ದ ತಾಳವನ್ನು ಮೊಮ್ಮಗಳು ಗಮನಿಸಿದಳು. ಮೂರು, ನಾಲ್ಕು, ಮೂರು, ನಾಲ್ಕು. ಇಂಗ್ಲಿಷಿನ ಲಾವಣಿ ನಡೆಯುವುದು ಒತ್ತಿನ ಮೇಲೆ: ಒಂದು ಸಾಲಿನಲ್ಲಿ ನಾಲ್ಕು ಒತ್ತು, ಮುಂದಿನದರಲ್ಲಿ ಮೂರು. ಕನ್ನಡದ ಕಿವಿಗೆ ಒತ್ತು ದಕ್ಕುವುದಿಲ್ಲ; ಮಾತ್ರೆ ದಕ್ಕುತ್ತದೆ. ಆದ್ದರಿಂದ ಕವಿ ಮೂಲದ ಒತ್ತನ್ನು ಬಿಟ್ಟುಕೊಟ್ಟು ಮೂರು ನಾಲ್ಕರ ಗಣಗಳನ್ನು ಹಿಡಿದರು. ಅದು ಯಾವ ನಡೆ? ಭಾಮಿನಿಯ ನಡೆ. ಗದುಗಿನ ಭಾರತವನ್ನು ಚಾವಡಿಯಲ್ಲಿ ಓದಿಸಿ ಕೇಳಿದ ಊರುಗಳಲ್ಲಿ ಮಗುವಿಗೂ ಗುರುತಿರುವ ನಡೆ. ಸ್ಕಾಟ್ಲೆಂಡಿನ ದೋಣಿ ಕುಮಾರವ್ಯಾಸನ ತೊರೆಯಲ್ಲಿ ತೇಲಿತು.

ಶ್ರೀಕಂಠಯ್ಯನವರು ಸಂಗೀತ ರಚನಕಾರರಲ್ಲ. ಒಂದು ಪದ್ಯಕ್ಕೂ ಅವರು ಸ್ವರ ಬರೆದು ಪ್ರಕಟಿಸಲಿಲ್ಲ. ಆದರೂ ಇಂಗ್ಲಿಷ್ ಕವಿತೆಯನ್ನು ಕನ್ನಡದ ಕಂಠಕ್ಕೆ ಕೂಡಿಸಿದ ಮೊದಲ ಕೆಲಸ ಅವರದೇ ಎನ್ನಬೇಕು. ಹಟ್ಟಿಯಂಗಡಿ ನಾರಾಯಣರಾಯರು ‘ಆಂಗ್ಲ ಕವಿತಾವಳಿ’ಯನ್ನು ಅದಕ್ಕೂ ಮುಂಚೆ ಕಟ್ಟಿದ್ದರು, ಎಸ್. ಜಿ. ನರಸಿಂಹಾಚಾರ್ಯರೂ ಪಂಜೆ ಮಂಗೇಶರಾಯರೂ ಆ ದಾರಿಯಲ್ಲಿ ನಡೆದಿದ್ದರು. ಈ ಪೂರ್ವಿಕರಿಗೆ ಅನ್ಯಾಯವಾಗಬಾರದು. ಆದರೆ ೧೯೨೬ರಲ್ಲಿ ‘ಇಂಗ್ಲಿಷ್ ಗೀತಗಳು’ ಹೊರಬಂದಾಗ ಒಂದೊಂದು ಪದ್ಯಕ್ಕೂ ಒಂದೊಂದು ನಡೆ, ಒಂದೊಂದು ಉಸಿರು ಇದ್ದುದನ್ನು ಓದುಗರು ಕಂಡರು. ಪುಸ್ತಕದ ಹೆಸರಿನಲ್ಲಿ ‘ಕವಿತೆ’ ಎಂಬ ಮಾತಿಲ್ಲ, ‘ಗೀತ’ ಎಂದಿದೆ. ತಾಳವನ್ನು ಆರಿಸಿಕೊಟ್ಟವರು ಅರ್ಧ ಮಟ್ಟನ್ನು ಕೊಟ್ಟಂತೆಯೇ. ಉಳಿದರ್ಧವನ್ನು ಹಾಡುವವರು ತಂದುಕೊಳ್ಳಬಹುದು.

ಹೀಗೆ ತಂದುಕೊಳ್ಳುವಾಗ ಏನಾಗುತ್ತದೆ ಎಂಬುದನ್ನು ಮೇಷ್ಟರು ತಮ್ಮ ಶಾಲೆಯಲ್ಲಿಯೇ ಕಂಡಿದ್ದರು. ‘ಕರುಣಾಳು ಬಾ ಬೆಳಕೆ’ ಎಂಬ ಪ್ರಾರ್ಥನೆಯನ್ನು ಅರಿಯದ ಕನ್ನಡದ ಶಾಲೆ ಯಾವುದು? ೧೮೩೩ರ ಜೂನಿನಲ್ಲಿ, ಸಿಸಿಲಿಯಲ್ಲಿ ಜ್ವರದಿಂದ ಬಳಲಿ ಎದ್ದು, ಕಿತ್ತಳೆ ಹೇರಿದ ಹಾಯಿಹಡಗಿನಲ್ಲಿ ಊರ ಕಡೆಗೆ ಹೊರಟಿದ್ದ ಜಾನ್ ಹೆನ್ರಿ ನ್ಯೂಮನ್, ಗಾಳಿ ನಿಂತು ಹಡಗು ಕಾರ್ಸಿಕ ಸಾರ್ಡೀನಿಯಗಳ ನಡುವೆ ಕದಲದಿದ್ದಾಗ ಬರೆದ ಪದ್ಯ ಅದರ ಮೂಲ. ಆಗ ಅವನಿಗೆ ಮೂವತ್ತೆರಡು ವರ್ಷ. ಕಾರ್ಡಿನಲ್ ಪದವಿ ಬಂದದ್ದು ೧೮೭೯ರಲ್ಲಿ. ಜಾನ್ ಬ್ಯಾಕಸ್ ಡೈಕ್ಸ್ ಎಂಬ ಪಾದ್ರಿ ೧೮೬೫ರಲ್ಲಿ ಇದಕ್ಕೆ ಒಂದು ಮಟ್ಟು ಕೂಡಿಸಿದನು. ಹಾಡಿನ ಕೀರ್ತಿ ತನ್ನ ಮಾತಿನದಲ್ಲ, ಡೈಕ್ಸನ ಮಟ್ಟಿನದು ಎಂದು ನ್ಯೂಮನ್ನನೇ ಹೇಳಿದನೆಂಬ ಮಾತು ಪ್ರಚಾರದಲ್ಲಿದೆ. ಗಾಂಧೀಜಿಗೆ ಇದು ಬಲು ಪ್ರಿಯವಾಗಿತ್ತು. ಗುಜರಾತಿಯಲ್ಲಿ ನರಸಿಂಹರಾವ್ ದಿವೇಟಿಯ ಅವರು ಇದನ್ನು ಹಾಡಾಗಿಸಿದರು, ಅದು ಆಶ್ರಮದ ಭಜನೆಗಳೊಳಗೆ ಸೇರಿತು.

೧೯೬೦ರ ಸುಮಾರಿಗೆ, ಕಾಫಿ ತೋಟದ ಮನೆಯೊಂದರಲ್ಲಿ ಉಳಿದಿದ್ದ ಗ್ರಾಮಫೋನ್ ತಟ್ಟೆಯಿಂದ ಡೈಕ್ಸನ ಮಟ್ಟನ್ನು ಕಲಿತ ಮೇಷ್ಟರು, ಅದನ್ನು ಕನ್ನಡದ ಮಾತಿಗೆ ಹೊಂದಿಸಿ ಮಕ್ಕಳಿಂದ ಹಾಡಿಸುವ ಉತ್ಸಾಹ ಮಾಡಿದರು. ಆಗಲಿಲ್ಲ. ಲೆಕ್ಕ ಹಾಕಿ ನೋಡಿದರೆ ಕಾರಣ ಸ್ಪಷ್ಟ. ಮೂಲದ ಉದ್ದ ಸಾಲಿನಲ್ಲಿ ಹತ್ತು ಅಕ್ಷರ, ಗಿಡ್ಡ ಸಾಲಿನಲ್ಲಿ ನಾಲ್ಕು. ಡೈಕ್ಸನು ಸ್ವರಗಳನ್ನು ಅಷ್ಟಕ್ಕೆ ಸರಿಯಾಗಿ ಎಣಿಸಿ ಇಟ್ಟಿದ್ದಾನೆ. ಕನ್ನಡದ ಉದ್ದ ಸಾಲಿನಲ್ಲಿ ಹದಿನಾರು ಅಕ್ಷರ, ಗಿಡ್ಡ ಸಾಲಿನಲ್ಲಿ ಒಂಬತ್ತು. ಹತ್ತು ಮಂದಿ ಕೂರುವ ಪಂಕ್ತಿಯಲ್ಲಿ ಹದಿನಾರು ಮಂದಿಯನ್ನು ಕೂರಿಸಿದಂತಾಯಿತು, ಮಕ್ಕಳು ನಗತೊಡಗಿದರು. ಆ ಮೇಲೆ ಮೇಷ್ಟರು ಮಟ್ಟನ್ನು ಬಿಟ್ಟು ಮಾತನ್ನೇ ಗಮನಿಸಿದರು. ಐದೈದು ಮಾತ್ರೆಯ ಗಣಗಳು ನಾಲ್ಕು ಕೂಡಿ ಉದ್ದ ಸಾಲು; ಅದರ ಹಿಂದೆ, ಬಳಲಿದವನು ಕೋಲೂರಿ ನಿಂತಂತೆ, ಗಿಡ್ಡ ಸಾಲು. ಮೂಲದಲ್ಲಿದ್ದ ಉದ್ದಗಿಡ್ಡಗಳ ಏರಿಳಿತವನ್ನು ಶ್ರೀಕಂಠಯ್ಯನವರು ಉಳಿಸಿಕೊಂಡಿದ್ದಾರೆ, ಅಕ್ಷರಸಂಖ್ಯೆಯನ್ನು ಬಿಟ್ಟಿದ್ದಾರೆ. ಐದರ ನಡೆಗೆ ಹೊಂದುವ ಮಟ್ಟನ್ನು ತಾವೇ ತಡಕಿ ಹೇಗೋ ಹಾಡಿಸಿದರು. ಅದೇನು ಮಹಾ ಸಂಗೀತವಲ್ಲವೆಂದು ಅವರೇ ಹೇಳಿಕೊಳ್ಳುತ್ತಾರೆ. ಆದರೆ ಮಕ್ಕಳು ನಗಲಿಲ್ಲ.

ಪುಸ್ತಕದಲ್ಲಿ ಮೇಷ್ಟರಿಗೆ ಎಲ್ಲಕ್ಕಿಂತ ಮೆಚ್ಚಾದದ್ದು ವಸಂತನ ಹಾಡು. ತಾಮಸ್ ನ್ಯಾಷ್ ಎಂಬ ಇಂಗ್ಲಿಷ್ ಕವಿಯ ನಾಟಕವೊಂದರಲ್ಲಿ ಬರುವ ಗೀತ ಅದು; ೧೬೦೦ರಲ್ಲಿ ಅಚ್ಚಾದದ್ದು. ಪ್ರತಿಯೊಂದು ನುಡಿಯ ಕೊನೆಗೂ ಹಕ್ಕಿಗಳ ಕೂಗು ಬರುತ್ತದೆ. ಅರ್ಥವಿಲ್ಲದ ಬರಿಯ ಸದ್ದು. ಶ್ರೀಕಂಠಯ್ಯನವರು ಆ ಸದ್ದನ್ನು ಬಿಡಲಿಲ್ಲ, ಕನ್ನಡದ ಹಕ್ಕಿಗಳಿಗೆ ಬದಲಾಯಿಸಲೂ ಇಲ್ಲ. ಇಂಗ್ಲೆಂಡಿನ ಹಕ್ಕಿಗಳನ್ನೇ ಕನ್ನಡ ಲಿಪಿಯಲ್ಲಿ ಕೂಗಿಸಿದರು. ಮೇಷ್ಟರು ಪ್ರತಿವರ್ಷವೂ ಮಕ್ಕಳಿಗೆ ಹೇಳುತ್ತಿದ್ದರು: ಪದ್ಯದ ಅರ್ಥ ಮೇಲಿನ ಸಾಲುಗಳಲ್ಲಿದೆ, ಪ್ರಾಣ ಈ ಕೂಗಿನಲ್ಲಿದೆ, ಇದನ್ನು ಕಿತ್ತರೆ ಉಳಿಯುವುದು ಪಂಚಾಂಗ. ಮುಂಜಾನೆ ತೋಟದ ಹಳ್ಳದಲ್ಲಿ ಸೀಟಿಹಕ್ಕಿ ಹೇಗೆ ಕೂಗುತ್ತದೆ ಎಂಬುದನ್ನು ಬಾಯಲ್ಲಿ ಮಾಡಿ ತೋರಿಸಿದ ಹುಡುಗನಿಗೆ ಒಂದು ಪೆನ್ಸಿಲು ಬಹುಮಾನ. ಇದೇ ನ್ಯಾಷನ ಗೀತವನ್ನು ಬೆಂಜಮಿನ್ ಬ್ರಿಟನ್ ಎಂಬ ರಚನಕಾರ ತನ್ನ ‘ವಸಂತ ಸಿಂಫನಿ’ಯಲ್ಲಿ ಮೂರು ಕಂಠಗಳಿಗೆ ಕೂಡಿಸಿದ್ದಾನೆಂದು ಮೊಮ್ಮಗಳು ತಿಳಿಸಿದಳು. ಅದರ ಮೊದಲ ಪ್ರಯೋಗ ನಡೆದದ್ದು ೧೯೪೯ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ. ಶ್ರೀಕಂಠಯ್ಯನವರು ಅದಕ್ಕೆ ಮೂರು ವರ್ಷ ಮುಂಚೆ, ೧೯೪೬ರಲ್ಲಿ, ತೀರಿಕೊಂಡಿದ್ದರು. ಅಲ್ಲಿಯೂ ಹಕ್ಕಿಯ ಕೂಗನ್ನು ಬಿಟ್ಟಿಲ್ಲವೆಂದು ಕೇಳಿ ಮೇಷ್ಟರಿಗೆ ಬಹಳ ಸಂತೋಷವಾಯಿತು.

ಆ ಸಂತೋಷದಲ್ಲಿಯೇ ಅವರು ಕಪಾಟಿನಿಂದ ನೋಟುಬುಕ್ಕನ್ನು ತೆಗೆಸಿದರು. ಇಂಗ್ಲಿಷಿನದೂ ಆಯಿತು, ಇಂಗ್ಲಿಷಿನಿಂದ ಬಂದದ್ದೂ ಆಯಿತು. ನಮ್ಮದೇ ಆದ ಮುತ್ತಜ್ಜಿಯ ಪದವನ್ನು ಹುಡುಗಿ ನೋಡಲಿ ಎಂಬ ಆಸೆ. ಅವಳು ತೆರೆದ ಪುಟದಲ್ಲಿ ಒಂದು ನಾಟಿಯ ಪದವಿತ್ತು. ಗಂಡನ ಮನೆಯ ಗದ್ದೆಯಲ್ಲಿ ಪೈರು ನೆಡುತ್ತಿರುವ ಹೆಣ್ಣು, ಅಣ್ಣ ಬರುವ ದಾರಿಯನ್ನು ಹೊಳೆಯೊಡನೆ ಕೇಳುವ ಪದ. ದುಂಡಾದ ಅಕ್ಷರ, ಮೂರು ಮೂರು ಸಾಲು, ಒಂದು ಚಿತ್ತಿಲ್ಲ. ಹುಡುಗಿ ಓದಿದಳು, ಮೆಚ್ಚಿದಳು. ಆ ಮೇಲೆ ಪುಟವನ್ನು ತಿರುವಿ ಹಿಂದೆ ನೋಡಿದಳು, ಮುಂದೆ ನೋಡಿದಳು. “ಇದರ ಮಟ್ಟೆಲ್ಲಿ, ತಾತ?” ಎಂದಳು.

ಮೇಷ್ಟರು ಹಾಡುವುದಕ್ಕೆಂದು ಬಾಯಿ ತೆರೆದರು. ಬಂದದ್ದು ಮಾತು ಮಾತ್ರ. ತರಗತಿಯಲ್ಲಿ ಪದ್ಯ ಓದುವ ಧಾಟಿಯಲ್ಲಿ ಮೊದಲ ಸಾಲು ಬಂತು, ಎರಡನೆಯದೂ ಹಾಗೆಯೇ. ನಡುವೆ ನಿಲ್ಲಿಸಿ, ಇನ್ನೊಂದು ಪದ ತೆಗೆದರು. ಅದೂ ಓದಿನಂತೆಯೇ ಬಂತು.

ಈ ಕೊರತೆ ಅವರೊಬ್ಬರದಲ್ಲ. ಕನ್ನಡದಲ್ಲಿ ಹಳ್ಳಿಯ ಹಾಡುಗಳನ್ನು ಸಂಗ್ರಹಿಸಿದ ಪುಣ್ಯವಂತರ ಸಾಲು ದೊಡ್ಡದು. ಹಲಸಂಗಿಯ ಗೆಳೆಯರ ‘ಗರತಿಯ ಹಾಡು’ ೧೯೩೧ರಲ್ಲಿ ಬಂತು. ಇದೇ ಹೇಮಾವತಿಯ ದಂಡೆಯ ಬಂಡಿಹೊಳೆಯಲ್ಲಿ ಅರ್ಚಕ ಬಿ. ರಂಗಸ್ವಾಮಿಯವರು ೧೯೩೩ರಲ್ಲಿ ‘ಹುಟ್ಟಿದ ಹಳ್ಳಿ ಹಳ್ಳಿಯ ಹಾಡು’ ಬರೆದರು. ಹಾಸನದ ಸೀಮೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ‘ಹಳ್ಳಿಯ ಹಾಡುಗಳ’ನ್ನು ಕೂಡಿಸಿದರು. ಇವರು ಇಲ್ಲದಿದ್ದರೆ ಏನೂ ಉಳಿಯುತ್ತಿರಲಿಲ್ಲ. ಆದರೆ ಇವರೆಲ್ಲರೂ ಸಾಹಿತ್ಯವನ್ನು ಪ್ರೀತಿಸಿದವರು. ಹಾಡಿನಲ್ಲಿ ಕಾವ್ಯವನ್ನು ಕಂಡು ಬೆರಗಾದವರು. ಕಾವ್ಯವೆಂದು ಕಂಡದ್ದನ್ನು ಕಾವ್ಯದಂತೆಯೇ ಅಚ್ಚು ಹಾಕಿಸಿದರು. ಗರತಿ ಹಾಡುವ ತ್ರಿಪದಿ ಪುಸ್ತಕದಲ್ಲಿ ಮೂರು ಸಾಲು. ಅವಳ ಬಾಯಲ್ಲಿ ಎರಡನೆಯ ಸಾಲಿನ ಒಂದು ತುಂಡು ಮತ್ತೊಮ್ಮೆ ಬಂದು ನಾಲ್ಕಾಗುತ್ತದೆ. ಆ ನಾಲ್ಕನೆಯದು ಅಚ್ಚಿನಲ್ಲಿಲ್ಲ. ಇಂಗ್ಲಿಷರದೂ ಇಲ್ಲಿ ಅದೇ ಕಥೆ. ಚಾರ್ಲ್ಸ್ ಗೋವರ್ ಎಂಬಾತ ೧೮೭೧ರಲ್ಲಿ ದಕ್ಷಿಣ ದೇಶದ ಜನಪದ ಗೀತಗಳೆಂದು ಕನ್ನಡದ ಹಾಡುಗಳನ್ನೂ ಇಂಗ್ಲಿಷ್ ಪದ್ಯಕ್ಕೆ ತಿರುಗಿಸಿದ. ಮಾತು ಹೋಯಿತು, ಮಟ್ಟು ಹೋಗಲಿಲ್ಲ. ಅದೇ ವರ್ಷ ಮಂಜರಾಬಾದಿನ ಕಾಫಿ ತೋಟಗಾರ ರಾಬರ್ಟ್ ಎಲಿಯಟ್ ಮೈಸೂರಿನ ಕಾಡುಗಳ ಅನುಭವವನ್ನು ಪುಸ್ತಕವಾಗಿ ಹೊರತಂದ. ಅವನು ಸ್ಕಾಟ್ಲೆಂಡಿನ ರಾಕ್ಸ್‌ಬರೋ ಸೀಮೆಯವನು. ವಾಲ್ಟರ್ ಸ್ಕಾಟ್ ಲಾವಣಿಗಳನ್ನು ಆಯ್ದ ಗಡಿನಾಡೇ ಅದು. ಲಾವಣಿಯ ನಾಡಿನಿಂದ ಲಾವಣಿಯ ನಾಡಿಗೆ ಬಂದು ಕಾಫಿ ನೆಟ್ಟ.

ಇಂಗ್ಲೆಂಡಿನಲ್ಲಿ ನಡೆದದ್ದು ಇದಕ್ಕೆ ಸರಿಯಾಗಿ ತಲೆಕೆಳಗು. ೧೯೦೩ರಲ್ಲಿ ಸಿಸಿಲ್ ಶಾರ್ಪ್ ಎಂಬ ಸಂಗೀತದ ಉಪಾಧ್ಯಾಯ, ಸಾಮರ್ಸೆಟ್ಟಿನ ಹ್ಯಾಂಬ್ರಿಜ್ ಎಂಬ ಹಳ್ಳಿಯಲ್ಲಿ ಪಾದ್ರಿಯ ತೋಟದ ಮಾಲಿ ಹುಲ್ಲು ಕತ್ತರಿಸುತ್ತ ಹಾಡುವುದನ್ನು ಕೇಳಿ, ನಿಂತಲ್ಲಿಯೇ ಸ್ವರ ಬರೆದುಕೊಂಡ. ಅದೇ ವರ್ಷದ ಡಿಸೆಂಬರಿನಲ್ಲಿ ವಾನ್ ವಿಲಿಯಮ್ಸ್, ಎಸೆಕ್ಸಿನ ಇಂಗ್ರೇವ್ ಎಂಬ ಹಳ್ಳಿಯಲ್ಲಿ ಒಬ್ಬ ಮುದುಕನನ್ನು ಕಂಡ. ಪಾದ್ರಿಯ ಮನೆಯ ಚಹಾಕೂಟದಲ್ಲಿ ಹಾಡಲೊಪ್ಪದ ಆ ಕೂಲಿಕಾರ ಮರುದಿನ ತನ್ನ ಮನೆಗೆ ಕರೆದು ಹಾಡಿದ. ಮುಂದಿನ ಹತ್ತು ವರ್ಷಗಳಲ್ಲಿ ವಾನ್ ವಿಲಿಯಮ್ಸ್ ಬರೆದುಕೊಂಡ ಹಾಡುಗಳು ಎಂಟುನೂರಕ್ಕೂ 	ಹೆಚ್ಚು. ಪರ್ಸಿ ಗ್ರೇಂಜರ್ ೧೯೦೬ರಲ್ಲಿ ಲಿಂಕನ್‌ಷೈರಿಗೆ ಫೋನೋಗ್ರಾಫನ್ನೇ ಹೊತ್ತುಕೊಂಡು ಹೋದ. ಒಬ್ಬನೇ ಹಾಡುಗಾರ ಪ್ರತಿ ನುಡಿಯಲ್ಲಿಯೂ ಮಟ್ಟನ್ನು ಹೇಗೆ ಕೊಂಚ ಕೊಂಚ ಬಾಗಿಸುತ್ತಾನೆ ಎಂಬುದು ಮೇಣದ ಕೊಳವೆಯ ಮೇಲೆ ಉಳಿಯಿತು. ಇವರು ಸಂಗೀತಗಾರರು, ಮಟ್ಟಿಗೆ ಮರುಳಾದವರು. ಮಾತಿನ ವಿಷಯದಲ್ಲಿ ಅವರ ಕೈ ಅಷ್ಟು ಶುದ್ಧವಲ್ಲ. ಶಾರ್ಪನೂ ಮಾರ್ಸನ್ ಪಾದ್ರಿಯೂ ಹೊರತಂದ ಸಾಮರ್ಸೆಟ್ ಹಾಡುಗಳಲ್ಲಿ, ಮನೆಯ ಹೆಣ್ಣುಮಕ್ಕಳ ಮುಂದೆ ಹಾಡಬಾರದೆನಿಸಿದ ಮಾತುಗಳನ್ನೆಲ್ಲ ತಿದ್ದಿ ತೊಳೆದಿದ್ದಾರೆ. ಅವರು ಮಟ್ಟನ್ನು ಉಳಿಸಿಕೊಂಡು ಮಾತನ್ನು ಸವೆಸಿದರು. ನಮ್ಮವರು ಮಾತನ್ನು ಉಳಿಸಿಕೊಂಡು ಮಟ್ಟನ್ನು ಗಾಳಿಗೆ ಬಿಟ್ಟರು.

ಜಾರ್ಜ್ ಬಟರ್‌ವರ್ತ್ ಎಂಬ ತರುಣನ ಕಥೆಯನ್ನು ಮೊಮ್ಮಗಳು ಹೇಳಿದಾಗ ಮೇಷ್ಟರು ಬಹಳ ಹೊತ್ತು ಸುಮ್ಮನಿದ್ದರು. ಹೌಸ್‌ಮನ್ ಕವಿಯ ‘ಎ ಷ್ರಾಪ್‌ಷೈರ್ ಲ್ಯಾಡ್’ ಸಂಗ್ರಹದ ಪದ್ಯಗಳಿಗೆ ಅವನು ಕೂಡಿಸಿದ ಆರು ಹಾಡುಗಳು ೧೯೧೧ರಲ್ಲಿ ಅಚ್ಚಾದುವು. ಸಸೆಕ್ಸಿನ ಜನಪದ ಗೀತಗಳನ್ನು ಸಂಗ್ರಹಿಸಿ ಕಂಠಕ್ಕೂ ಪಿಯಾನೋಗೂ ಹೊಂದಿಸಿ ೧೯೧೩ರಲ್ಲಿ ಕೊಟ್ಟ. ಹಳ್ಳಿಯವರ ಮಟ್ಟುಗಳನ್ನು ಬರೆದು ಬರೆದು ಪಳಗಿದ ಕೈ ಹೌಸ್‌ಮನ್ನನ ಪದ್ಯಕ್ಕೆ ಒಂದು ಸ್ವರವನ್ನೂ ಹೆಚ್ಚಾಗಿ ಇಡಲಿಲ್ಲ. ೧೯೧೬ರ ಆಗಸ್ಟ್ ೫ರಂದು ಸಾಮ್ ಯುದ್ಧದಲ್ಲಿ ಸತ್ತಾಗ ಅವನಿಗೆ ಮೂವತ್ತೊಂದು ವರ್ಷ. ಅವನು ಬರೆದಿಟ್ಟ ಹಳ್ಳಿಯ ಹಾಡುಗಳನ್ನು ಇಂದೂ ಯಾರು ಬೇಕಾದರೂ ನೋಡಿ ಹಾಡಬಹುದು. ಮೇಷ್ಟರ ತಾಯಿ ಅವರೊಡನೆ ಮೂವತ್ತೆಂಟು ವರ್ಷ ಬದುಕಿದ್ದರು.

ನಮ್ಮಲ್ಲಿ ಮಟ್ಟುಗಳು ಪೂರ್ತಿಯಾಗಿ ಹೋದುವೆಂದಲ್ಲ. ಸಕಲೇಶಪುರದ ಎಸ್. ಕೆ. ಕರೀಂಖಾನರು ಇದ್ದರು. ಸ್ವಾತಂತ್ರ್ಯದ ಹೋರಾಟದಲ್ಲಿದ್ದವರು, ಚಲನಚಿತ್ರಗಳಿಗೆ ಹಾಡು ಬರೆದವರು. ಎಲ್ಲಕ್ಕೂ ಮಿಗಿಲಾಗಿ ಜನಪದ ಗೀತಗಳನ್ನು ಕಂಠದಲ್ಲಿಯೇ ಹೊತ್ತು ಊರೂರು ತಿರುಗಿ ಹಾಡಿದವರು. ನಾಡು ಅವರನ್ನು ಜಾನಪದ ಜಂಗಮರೆಂದು ಕರೆದದ್ದು ಸುಮ್ಮನಲ್ಲ. ಅವರು ೨೦೦೬ರಲ್ಲಿ ತೀರಿಕೊಂಡರು. ಪಾಂಡೇಶ್ವರದ ಕಾಳಿಂಗರಾಯರು ಹಳ್ಳಿಯ ಪದಗಳನ್ನೂ ಹೊಸಗನ್ನಡದ ಕವಿಗಳನ್ನೂ ಒಂದೇ ವೇದಿಕೆಯ ಮೇಲೆ, ವಾದ್ಯಗಳ ಬೆಂಬಲದೊಡನೆ, ಪಟ್ಟಣದ ಜನಕ್ಕೆ ಕೇಳಿಸಿದರು. ೧೯೧೪ರಲ್ಲಿ ಹುಟ್ಟಿ ೧೯೮೧ರಲ್ಲಿ ತೀರಿಕೊಂಡ ಆ ಗಾಯಕರ ಕಂಠದ ಮೋಡಿಯನ್ನು ಕೇಳಿದವರು ಮರೆಯಲಾರರು. ಆದರೆ ಮೋಡಿಗೂ ಒಂದು ಬೆಲೆಯುಂಟು. ಅವರು ಹಾಡಿದ ಬಗೆಯೇ ಮೂಲವೆಂದು ಜನ ನಂಬಿದರು. ಒಂದು ಪದಕ್ಕೆ ಹತ್ತು ಊರಿನಲ್ಲಿ ಹತ್ತು ಮಟ್ಟಿದ್ದದ್ದು ಮರೆತುಹೋಯಿತು. ಇದು ಗಾಯಕರ ತಪ್ಪಲ್ಲ. ಹತ್ತನ್ನೂ ಬರೆದಿಡಬೇಕಾಗಿದ್ದವರು ಬೇರೆ.

ರಾತ್ರಿ ಊಟವಾದ ಮೇಲೆ ಮೇಷ್ಟರು ತಾವಾಗಿಯೇ ಇನ್ನೊಂದು ವಿಷಯ ಹೇಳಿದರು. ಇದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ತಾಯಿ ಹಾಡುವಾಗ ಪ್ರತಿಯೊಂದು ಸಾಲಿನ ಹಿಂದೆಯೂ ಮುಂದೆಯೂ ‘ಸುವ್ವಿ’ ಎಂದೋ ‘ಸೋ’ ಎಂದೋ ಎಳೆಯುತ್ತಿದ್ದರು. ಕೆಲವು ಕಡೆ ಯಾವ ಮಾತೂ ಅಲ್ಲದ ಬರಿಯ ಎಳೆತ. ಬರೆಯುವ ಮಗನಿಗೆ ಅವು ಅಡ್ಡಿಯಾಗಿ ತೋರಿದುವು. ಅರ್ಥವಿಲ್ಲದ ಸೊಲ್ಲೆಂದು ಅವನ್ನೆಲ್ಲ ಬಿಟ್ಟು ಬರೆದರು. ತಾಯಿ ಒಮ್ಮೆ, “ಅದನ್ನ ಬಿಟ್ರೆ ಪದ ನಿಲ್ಲಕ್ಕಿಲ್ಲ ಕಣಪ್ಪ,” ಎಂದಿದ್ದರಂತೆ. ಬೆಳಗ್ಗೆ ತರಗತಿಯಲ್ಲಿ ನ್ಯಾಷನ ಹಕ್ಕಿಯ ಕೂಗು ಪದ್ಯದ ಪ್ರಾಣವೆಂದು ಕಲಿಸಿ, ಸಂಜೆ ಮನೆಗೆ ಬಂದು ತಾಯಿಯ ಪದದಿಂದ ಅದನ್ನೇ ಕಿತ್ತು ಎಸೆದಿದ್ದರು. ಇದನ್ನು ಹೇಳುವಾಗ ಅವರ ದನಿಯಲ್ಲಿ ಏರಿಳಿತವಿರಲಿಲ್ಲ. ತಪ್ಪಾದ ಲೆಕ್ಕವೊಂದನ್ನು ಹಲಗೆಯ ಮೇಲೆ ತೋರಿಸುವಂತೆ ಹೇಳಿದರು.

ಮರುದಿನ ಮಳೆ ಹೊಳವಾಗಿತ್ತು. ಮನೆಯ ಕೆಳಗಿನ ಗದ್ದೆಯಲ್ಲಿ ನಾಟಿ ನಡೆಯುತ್ತಿತ್ತು. ನೆಡುವವರಲ್ಲಿ ಅರ್ಧ ಮಂದಿ ದೂರದ ರಾಜ್ಯಗಳಿಂದ ತೋಟದ ಕೆಲಸಕ್ಕೆ ಬಂದವರು; ಬದುವಿನ ಮೇಲಿಟ್ಟ ಫೋನಿನಲ್ಲಿ ಅವರ ಸೀಮೆಯ ಹಾಡು ತಾನೇ ಹಾಡಿಕೊಳ್ಳುತ್ತಿತ್ತು. ಮೇಷ್ಟರು ಕೊಡೆಯನ್ನೂರಿಕೊಂಡು ಬದುವಿಗೆ ಹೋದರು, ಜೊತೆಗೆ ಹುಡುಗಿ. ನೆಡುವವರು ಬಾಗಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಬರುತ್ತಿದ್ದರು: ಎಡಗೈಯಲ್ಲಿ ಕಂತೆ, ಬಲಗೈ ಅದರಿಂದ ಸಸಿ ಕಿತ್ತು, ಕೆಸರಿಗೆ ಊರಿ, ಮತ್ತೆ ಕಂತೆಗೆ. ಮೇಷ್ಟರು ಬಹಳ ಹೊತ್ತು ಆ ಕೈಗಳನ್ನೇ ನೋಡುತ್ತಿದ್ದರು. ಆ ಮೇಲೆ ಕೊಡೆಯನ್ನು ಹುಡುಗಿಗೆ ಕೊಟ್ಟು, ಇಳಿಯಬೇಡವೆಂದರೂ ಕೇಳದೆ, ಅಂಚಿನ ಕೆಸರಿಗೆ ಇಳಿದು, ಬೆನ್ನು ಬಾಗುವಷ್ಟು ಬಾಗಿಸಿ, ಒಂದು ಕಂತೆ ತೆಗೆದುಕೊಂಡರು. ನಾಲ್ಕು ಸಸಿ ನೆಡುವುದರೊಳಗೆ ಗಂಟಲಿನಿಂದ ‘ಸುವ್ವಿ’ ಬಂತು. ಕೈ ಕೆಸರಿಗಿಳಿಯುವಾಗ ಸ್ವರ ಇಳಿಯಿತು. ಕಂತೆಗೆ ಏಳುವಾಗ ಏರಿ ನಿಂತಿತು. ಅದರ ಬೆನ್ನಿಗೆ ಮೊದಲ ಸಾಲು ಬಂತು. ಓದಿದಂತೆ ಅಲ್ಲ.

ಹುಡುಗಿ ಕೊಡೆಯನ್ನು ಬಗಲಿಗೆ ಸಿಕ್ಕಿಸಿಕೊಂಡು ಪುಸ್ತಕ ತೆಗೆದಳು. ಐದು ಗೆರೆಯ ಕಾಗದದ ಮೇಲೆ ಬರೆಯುವುದು ಸುಲಭವಾಗಲಿಲ್ಲ. ಗಾಂಧಾರದ ಸ್ಥಳದಲ್ಲಿ ಮುದುಕರ ಗಂಟಲು ನಿಲ್ಲುತ್ತಿದ್ದ ಜಾಗ ಅವಳ ಪಿಯಾನೋದ ಯಾವ ಮನೆಯಲ್ಲಿಯೂ ಇರಲಿಲ್ಲ. ಸ್ವರದ ತಲೆಯ ಮೇಲೆ ಒಂದು ಬಾಣದ ಗುರುತು ಹಾಕಿದಳು. ಎರಡನೆಯ ಸಾಲೂ, ಅದರ ಮರುಕಳಿಕೆಯೂ ಬಂತು. ಮೂರನೆಯ ಸಾಲು ಮೇಲಕ್ಕೆ ಹೋಗಬೇಕು. ಅದು ಅವರಿಗೆ ನೆನಪಿತ್ತು. ಎಂಬತ್ತೆಂಟರ ಗಂಟಲು ಅಲ್ಲಿಗೆ ಏರಲಿಲ್ಲ. ಕೈಯೆತ್ತಿ ಇಷ್ಟು ಎತ್ತರ ಎಂದು ತೋರಿಸಿದರು. ನೆಡುತ್ತಿದ್ದವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಯಾರೋ ಫೋನಿನ ಹಾಡನ್ನು ಆರಿಸಿದರು.

ಹುಡುಗಿ ಒಂದು ಬಗೆಯಾಗಿ ಹಾಡಿ ತೋರಿಸಿದಳು. ಮೇಷ್ಟರು ತಲೆಯಾಡಿಸಿ ಅಲ್ಲವೆಂದರು. ಇನ್ನೊಂದು ಬಗೆಯಾಗಿ ಹಾಡಿದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದೂ ಅಲ್ಲ. ಆದರೆ ಒಂದೊಂದು ದಿನ ಹೀಗೂ ಹಾಡುತ್ತಿದ್ದಳೇನೋ,” ಎಂದು ಕೆಸರಿನಿಂದ ಕಾಲು ಕಿತ್ತು ಬದುವಿಗೆ ಹತ್ತಿದರು. ಆ ಸಂಜೆ ನೋಟುಬುಕ್ಕಿನ ಆ ಪುಟದಲ್ಲಿ, ತಾತ ಬಿಟ್ಟಿದ್ದ ಅಂಚಿನಲ್ಲಿ, ಅವಳು ಸ್ವರಗಳನ್ನು ಎತ್ತಿ ಬರೆದಳು. ಸುವ್ವಿಗೂ ಮೊದಲೆರಡು ಸಾಲಿಗೂ ಶಾಯಿ, ಮೂರನೆಯದಕ್ಕೆ ಪೆನ್ಸಿಲು.